ಹದಿನಾಲ್ಕನೇ ಚೌಕದ ಕುಳಿಗಳು

ನನ್ನ ದಿನಚರಿಯ ಡಿಸೆಂಬರ್ ೧೯ರ ಪುಟದಲ್ಲಿ ಒಂದೇ ಸಾಲಿದೆ: ‘ಚೌಕ ೧೪. ನಾನು ೬೧, ಅಕ್ಕ ೫೯.’ ಆ ಸಾಲಿನ ಎರಡನೇ ಸಂಖ್ಯೆ ಸುಳ್ಳು. ದಿನಚರಿ ಬರೆಯಲು ಶುರುಮಾಡಿ ಒಂಬತ್ತು ವರ್ಷವಾಯಿತು. ಮಳೆ ಎಷ್ಟು ಇಂಚು ಬಿತ್ತು, ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದನ್ನೂ ಬಿಡದೆ ಬರೆದಿಟ್ಟವಳು ನಾನು. ಗೊತ್ತಿದ್ದೂ ಸುಳ್ಳು ಬರೆದದ್ದು ಅದೊಂದೇ ಪುಟ ಎಂದು ಇಲ್ಲಿ ಹೇಳೋಣವೆಂದುಕೊಂಡಿದ್ದೆ. ಅದೂ ಸರಿಯಲ್ಲ. ಅಂಥ ಪುಟಗಳು ಮೂರಿವೆ.

ಆ ಚಳಿಗಾಲ ನನ್ನ ಕೆಲಸ ಚಂದ್ರನ ಮೇಲಿನ ಲಾವಾ ಹರಿವುಗಳ ನಕ್ಷೆ ಮಾಡುವುದಾಗಿತ್ತು. ಹುಣ್ಣಿಮೆಯ ಚಂದ್ರನಲ್ಲಿ ಮೊಲದಂತೆ ಕಾಣುವ ಕಪ್ಪು ಭಾಗಗಳೆಲ್ಲ ಒಂದು ಕಾಲಕ್ಕೆ ಒಳಗಿನಿಂದ ಉಕ್ಕಿ ಬಂದು, ತಗ್ಗುಗಳಲ್ಲಿ ಹರಡಿ, ಹೆಪ್ಪುಗಟ್ಟಿದ ಲಾವಾ. ನನ್ನ ಪಾಲಿಗೆ ಬಂದದ್ದು ಪಶ್ಚಿಮದ ಕಪ್ಪು ಬಯಲಿನ ಒಂದು ತುಂಡು. ಅಲ್ಲಿ ಒಂದರ ಮೇಲೊಂದು ಎರಡು ಹರಿವುಗಳಿದ್ದವು. ಸೂರ್ಯ ತೀರಾ ತಗ್ಗಿನಲ್ಲಿರುವಾಗ ಉಪಗ್ರಹ ತೆಗೆದ ಚಿತ್ರಗಳಲ್ಲಿ ಮೇಲಿನ ಹರಿವಿನ ಅಂಚು, ಕಾವಲಿಯ ಮೇಲೆ ಹರಿದು ನಿಂತ ದೋಸೆ ಹಿಟ್ಟಿನ ಅಂಚಿನಂತೆ, ಸಣ್ಣ ನೆರಳಾಗಿ ಕಾಣುತ್ತದೆ. ಅಲ್ಲಲ್ಲಿ ನೆತ್ತಿಯ ಮೇಲೆ ಪುಟ್ಟ ತೂತಿರುವ ಅಗಲವಾದ, ಹೆಚ್ಚು ಎತ್ತರವಿಲ್ಲದ ದಿಬ್ಬಗಳು. ಲಾವಾ ನಿಧಾನವಾಗಿ ಒಸರಿದ ಹಳೆಯ ಜ್ವಾಲಾಮುಖಿಗಳು ಅವು. ಈ ಎರಡು ಹರಿವುಗಳಲ್ಲಿ ಮೇಲಿನದು ಎಷ್ಟು ಹಳೆಯದು ಎಂಬುದೇ ನಮ್ಮ ಪ್ರಶ್ನೆ.

ಉತ್ತರ ಹುಡುಕುವ ದಾರಿ ಎಣಿಕೆ. ಲಾವಾ ಹೆಪ್ಪುಗಟ್ಟಿದ ದಿನ ಅದರ ಮೈ ನುಣುಪಾಗಿರುತ್ತದೆ. ಆಮೇಲೆ ಆಕಾಶದಿಂದ ಕಲ್ಲುಗಳು ಬಿದ್ದು ಕುಳಿಗಳಾಗುತ್ತವೆ. ಗಾಳಿ, ನೀರು ಇಲ್ಲದ್ದರಿಂದ ಬಿದ್ದ ಕುಳಿ ಬೇಗ ಅಳಿಯುವುದಿಲ್ಲ. ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು. ನಾನು ಬಯಲನ್ನು ಇಪ್ಪತ್ತೆರಡು ಚೌಕಗಳಾಗಿ ಭಾಗ ಮಾಡಿದೆ. ಒಂದರಿಂದ ಹನ್ನೆರಡು ಕೆಳಗಿನ ಹರಿವು, ಉಳಿದ ಹತ್ತು ಮೇಲಿನದು. ಪ್ರತಿ ಚೌಕವನ್ನೂ ಇಬ್ಬರು ಎಣಿಸಬೇಕು. ಎಲ್ಲ ಮುಗಿಯುವವರೆಗೆ ಒಬ್ಬರ ಎಣಿಕೆಯನ್ನು ಇನ್ನೊಬ್ಬರು ನೋಡಬಾರದು. ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಚೌಕ ಮೂರನೆಯವರ ಕಣ್ಣಿಗೆ ಹೋಗುತ್ತದೆ. ಇದು ನನ್ನ ಗೈಡ್ ಮೇಡಂ ಹಾಕಿಕೊಟ್ಟ ನಿಯಮ.

ನವೆಂಬರ್ ೪ಕ್ಕೆ ನಾನು ಕೆಲಸ ಶುರುಮಾಡಿದ್ದು ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಸ್ಯಾಂಪಲ್ ರೂಮಿನಲ್ಲಿ. ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಕಟ್ಟಡವನ್ನು ರಿಪೇರಿಗೆ ಬಿಟ್ಟಿದ್ದರು, ಎಲ್ಲರೂ ಮನೆಯಿಂದ ಕೆಲಸ ಮಾಡಬೇಕಾಗಿ ಬಂದಿತ್ತು. ಅಪ್ಪ ಆ ಎಸ್ಟೇಟಿನ ರೈಟರ್. ಹಾಜರಿ ಪುಸ್ತಕ, ಕೊಯ್ಲಿನ ತೂಕ ಎಲ್ಲ ಅವರ ಕೈಯಲ್ಲಿ. ಕ್ವಾರ್ಟರ್ಸಿನಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುತ್ತಿರಲಿಲ್ಲ. ಆಫೀಸಿನ ಪಕ್ಕದ ಸ್ಯಾಂಪಲ್ ರೂಮಿಗೆ ಲೈನ್ ಇತ್ತು, ಉತ್ತರಕ್ಕೆ ದೊಡ್ಡ ಕಿಟಕಿ ಇತ್ತು, ಕಿಟಕಿಯಡಿ ಬೀಜ ಹರವಿ ನೋಡಲು ಕಪ್ಪು ಮೇಜಿತ್ತು. ಮಾಲೀಕರು ‘ಉಪಯೋಗಿಸ್ಕೊ’ ಎಂದರು.

ನವೆಂಬರ್ ೧೭ಕ್ಕೆ ಮೊದಲ ಪೆಟ್ಟು. ನನ್ನ ಜೊತೆ ಎಣಿಸಬೇಕಿದ್ದ ಸಹಪಾಠಿ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಮೇಡಂ ಫೋನಿನಲ್ಲಿ, “ಓದಿದವರೇ ಆಗ್ಬೇಕು ಅಂತಿಲ್ಲ. ತಾಳ್ಮೆ ಇರೋ ಕಣ್ಣು ಬೇಕು. ಒಂದು ಅಭ್ಯಾಸದ ಹಾಳೆ ಕೊಟ್ಟು ನೋಡು,” ಎಂದರು.

ಆ ಕಣ್ಣು ನನ್ನ ಮೇಜಿನ ಇನ್ನೊಂದು ತುದಿಯಲ್ಲೇ ಇತ್ತು. ಕೊಯ್ಲಿನ ಕಾಲದಲ್ಲಿ ವಾರಕ್ಕೆ ಮೂರು ದಿನ ಜಾವಳಿಯಿಂದ ಎರಡು ಬಸ್ಸು ಹಿಡಿದು ಒಬ್ಬ ಅಕ್ಕ ಸ್ಯಾಂಪಲ್ ಆರಿಸಲು ಬರುತ್ತಿದ್ದರು. ಐವತ್ತೈದರ ಆಸುಪಾಸು. ಚಿಕ್ಕಮಗಳೂರಿನಲ್ಲಿ ಕಾಫಿ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಕಾಫಿ ಬೀಜ ಆರಿಸಿದವರು; ಬಣ್ಣ ನೋಡಿ ಬೀಜ ಬೇರ್ಪಡಿಸುವ ಮೆಷಿನ್ ಬಂದ ಮೇಲೆ ಕೆಲಸ ಹೋಯಿತು. ಒಡಕು, ಕಪ್ಪು, ಹುಳ ಕೊರೆದದ್ದು ಎಂದು ಅವರ ಬೆರಳುಗಳು ಬೀಜವನ್ನು ಮೂರು ಕಡೆ ತಳ್ಳುವಾಗ ನೋಡುತ್ತ ಕೂತರೆ ನನ್ನ ಕೆಲಸ ನಿಂತುಹೋಗುತ್ತಿತ್ತು.

ನಾನು ವಿಷಯ ಹೇಳಿದೆ. ಲಾವಾ, ಕುಳಿ, ವಯಸ್ಸು. ರಸ್ತೆಗೆ ಟಾರು ಹಾಕಿ ಎಷ್ಟು ವರ್ಷವಾಯಿತು ಎಂದು ಗುಂಡಿ ಎಣಿಸಿ ಹೇಳಿದ ಹಾಗೆ ಎಂದೆ.

“ಹಂಗಾದ್ರೆ ನಮ್ಮ ಜಾವಳಿ ರೋಡು ಚಂದ್ರಂಗಿಂತ ಹಳೇದು ಬಿಡು,” ಎಂದರು ಅಕ್ಕ. ಆಮೇಲೆ ಕನ್ನಡಕ ಏರಿಸಿಕೊಂಡು ಸ್ಕ್ರೀನ್ ಹತ್ತಿರ ಬಗ್ಗಿದರು. “ಇದರಲ್ಲಿ ಆಗಲ್ಲ ಮಾರಾಯ್ತಿ, ಕಣ್ಣಿಗೆ ಹೊಡೀತದೆ. ಕಾಗದದ ಮೇಲೆ ಕೊಡು.”

ಮೂಡಿಗೆರೆಯಲ್ಲಿ ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಯೊಂದಿದೆ. ಅಲ್ಲಿ ಚೌಕಗಳನ್ನು ದೊಡ್ಡ ಹಾಳೆಗಳಲ್ಲಿ ಹಾಕಿಸಿದೆ. ಅರ್ಧ ಕಿಲೋಮೀಟರಿಗಿಂತ ಸಣ್ಣ ಕುಳಿಗಳನ್ನು ನಾವು ಬಿಡಬೇಕಿತ್ತು. ಅದನ್ನು ಅಳೆಯುವುದು ಹೇಗೆ ಎಂದು ನಾನು ಸ್ಕೇಲು ಹಿಡಿದು ಯೋಚಿಸುತ್ತಿದ್ದಾಗ ಅಕ್ಕ ಗೋಡೆಯಿಂದ ಬೀಜದ ಗಾತ್ರ ನೋಡುವ ಜರಡಿ ತಟ್ಟೆ ಇಳಿಸಿದರು. “ಇದರ ತೂತಿಗೆ ಸರಿ ಮಾಡಿ ಪ್ರಿಂಟ್ ಹಾಕ್ಸು. ತೂತಿನೊಳಗೆ ಬಿದ್ದುಹೋದ್ರೆ ಬಿಡೋದು, ನಿಂತ್ರೆ ಹಿಡಿಯೋದು. ಅಷ್ಟೇ ಅಲ್ವಾ?” ಅಷ್ಟೇ. ತಟ್ಟೆಯ ತೂತು ಹಾಳೆಯ ಮೇಲೆ ಸರಿಯಾಗಿ ಅರ್ಧ ಕಿಲೋಮೀಟರ್ ಆಗುವ ಅಳತೆಗೆ ಮತ್ತೆ ಪ್ರಿಂಟ್ ಹಾಕಿಸಿದೆ. ನವೆಂಬರ್ ೨೪ರ ಅಭ್ಯಾಸದ ಹಾಳೆಯಲ್ಲಿ ಮೇಡಂ ಮೊದಲೇ ಎಣಿಸಿಟ್ಟಿದ್ದ ೪೦ ಕುಳಿಗಳಲ್ಲಿ ಅಕ್ಕ ಹಿಡಿದದ್ದು ೩೮. ನಾನು ಮೊದಲ ಸಲ ಹಿಡಿದಿದ್ದು ೩೫. ಇದನ್ನು ಬರೆದಿಟ್ಟುಕೊಂಡೆ, ಆದರೆ ಅಕ್ಕನಿಗೆ ಹೇಳಲಿಲ್ಲ.

ಅವರ ಕೆಲಸದ ರೀತಿ ಹೀಗಿತ್ತು. ಕುಳಿಯೊಂದನ್ನು ಪೆನ್ಸಿಲಿನಲ್ಲಿ ಸುತ್ತುವುದು. ಸುತ್ತು ಕೆಳಗಿನಿಂದ ಶುರುವಾಗಿ ಕೆಳಗೇ ಬಂದು, ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಸಂದು ಬಿಟ್ಟು ನಿಲ್ಲುತ್ತಿತ್ತು. ಪ್ರತಿ ಸುತ್ತಿಗೂ ತೆಗೆದುಹಾಕಿದ ಕಪ್ಪು ಬೀಜವೊಂದನ್ನು ಲೋಟಕ್ಕೆ ಹಾಕುವುದು. ಹಾಳೆ ಮುಗಿದ ಮೇಲೆ ಬೀಜ ಎಣಿಸಿ, ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆದು, ಬೀಜಗಳನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಚೌಕದ ನಂಬರು ಹಾಕಿ ಚೀಲಕ್ಕಿಟ್ಟುಕೊಳ್ಳುವುದು.

“ಅದೆಂತಕ್ಕೆ ಅಕ್ಕ, ಹಾಳೆ ಮೇಲೆ ಬರೆದಾಯ್ತಲ್ಲ?” ಎಂದು ಕೇಳಿದ್ದೆ.

“ಹಾಳೆ ನಿಂದು. ನನ್ನ ಲೆಕ್ಕ ನನ್ನ ಹತ್ರ ಇರ್ಬೇಕಲ್ಲ. ಕ್ಯೂರಿಂಗಲ್ಲಿ ನಾವೆಲ್ಲ ಹಂಗೇ.”

ಅಭ್ಯಾಸಬಲ ಎಂದುಕೊಂಡು ನಾನು ಅದನ್ನು ಮರೆತುಬಿಟ್ಟೆ.

ಡಿಸೆಂಬರ್ ೨ಕ್ಕೆ ಒಂಬತ್ತನೇ ಚೌಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಕ್ಕ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟುಕೊಂಡು ಗುರುತು ಹಾಕುತ್ತಿದ್ದರು. “ಉತ್ತರ ಮೇಲಕ್ಕೆ ಬರಬೇಕು ಅಕ್ಕ,” ಎಂದು ನಾನು ಸರಿಮಾಡಿದೆ. ಅವರು ಮತ್ತೆ ತಿರುಗಿಸಿದರು. ಚಿತ್ರದಲ್ಲಿ ಬಿಸಿಲು ಬರುವ ಕಡೆಯನ್ನು ಕಿಟಕಿಯ ಬೆಳಕಿನ ಕಡೆಗೆ ಹಿಡಿಯಬೇಕಂತೆ. ಇಲ್ಲದಿದ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದಂತೆ. ನಾನು ನನ್ನ ಜಾಗಕ್ಕೆ ಹೋಗಿ ಅದೇ ಚೌಕವನ್ನು ಸ್ಕ್ರೀನಿನಲ್ಲಿ ತಿರುಗಿಸಿ ನೋಡಿದೆ. ನಾನು ಕುಳಿ ಎಂದು ಹಿಡಿದಿದ್ದ ನಾಲ್ಕು ಗುರುತುಗಳು ಕುಳಿಗಳಲ್ಲ, ಲಾವಾ ದಿಬ್ಬಗಳು. ತಿದ್ದಿಕೊಂಡೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ವಿಷಯ ಅದು. ಅಂದಿನ ದಿನಚರಿಯಲ್ಲಿ ‘ಚೌಕ ೯, ನಾಲ್ಕು ತಿದ್ದುಪಡಿ’ ಎಂದಿದೆ. ಯಾರಿಂದ ಎಂದಿಲ್ಲ.

ಆ ಹೊತ್ತಿಗೆ ಅಕ್ಕನಿಗೆ ಈ ಕೆಲಸ ಹಿಡಿಸಿಬಿಟ್ಟಿತ್ತು. ಬಸ್ಸಿನಲ್ಲಿ ಕಂಡಕ್ಟರು “ಚಂದ್ರಲೋಕಕ್ಕೆ ಒಂದಾ, ಎರಡಾ?” ಎಂದು ಕೇಳುತ್ತಾನೆಂದು ನಗುತ್ತ ಹೇಳುತ್ತಿದ್ದರು. ನಕ್ಷೆ ಮುಗಿದ ಮೇಲೆ ಅದರ ಕೆಳಗೆ ಎಣಿಸಿದವರ ಹೆಸರು ಬರುತ್ತದೆ ಎಂದು ನಾನು ಹೇಳಿದಾಗ ಮಾತ್ರ ನಗಲಿಲ್ಲ.

“ನನ್ನದೂ ಬರ್ತದಾ?”

“ಬರ್ತದೆ ಅಕ್ಕ. ಇಬ್ಬರದೂ.”

“ಇಪ್ಪತ್ತೆರಡು ವರ್ಷ ಆರಿಸ್ದೆ. ಚೀಲದ ಮೇಲೆ ತೋಟದ ಹೆಸರು, ಕಂಪ್ನಿ ಹೆಸರು. ಆರಿಸಿದವಳ ಹೆಸರು ಯಾವ ಚೀಲದ ಮೇಲೂ ಕಾಣ್ಲಿಲ್ಲ ನಾನು.” ಆಮೇಲೆ ಪೆನ್ಸಿಲ್ ಚೂಪು ಮಾಡಲು ಕೂತರು.

ಡಿಸೆಂಬರ್ ೧೯. ಅಕ್ಕ ನಾಲ್ಕು ಗಂಟೆಯ ಬಸ್ಸಿಗೆ ಹೋದರು. ಹದಿನಾಲ್ಕನೇ ಹಾಳೆಯನ್ನು ಎಂದಿನಂತೆ ಸುರುಳಿ ಸುತ್ತಿ ದಾರ ಕಟ್ಟಿಟ್ಟಿದ್ದರು. ಮರುದಿನ ಮೂಡಿಗೆರೆಯಲ್ಲಿ ಸ್ಕ್ಯಾನ್ ಮಾಡಿಸಿ ಮೇಡಂಗೆ ಕಳಿಸುವುದು ನನ್ನ ಕೆಲಸ. ಬಿಚ್ಚಿ ನೋಡುವುದು ನನ್ನ ಕೆಲಸವಲ್ಲ. ನಾನು ಬಿಚ್ಚಿದೆ. ಆ ಚೌಕದಲ್ಲಿ ನನ್ನ ಎಣಿಕೆ ೬೧ ಬಂದಿತ್ತು. ಇಡೀ ಬಯಲಿನಲ್ಲೇ ಹೆಚ್ಚು. ಅಕ್ಕನದು ಎಷ್ಟಿರಬಹುದು ಎಂಬ ಕುತೂಹಲ ಅಷ್ಟೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಮೂಲೆಯಲ್ಲಿ ೩೮ ಎಂದಿತ್ತು.

ಚೌಕದ ನಡುವೆ ಓರೆಯಾಗಿ ಹಾದುಹೋಗುವ ಕುಳಿಗಳ ಒಂದು ಗುಂಪನ್ನು ಅಕ್ಕ ಪೂರ್ತಿ ಬಿಟ್ಟಿದ್ದರು. ಜರಡಿಯ ತೂತಿಗಿಂತ ದೊಡ್ಡ ಕುಳಿಗಳೇ ಅವು. ಕಣ್ಣಿಗೆ ಕಾಣದೇ ಇರಲು ಸಾಧ್ಯವಿಲ್ಲ. ದಣಿದಿರಬೇಕು, ಬಸ್ಸಿನ ಅವಸರವಿರಬೇಕು, ಓದಿದವರಲ್ಲ. ಹೀಗೆ ಮೂರು ಕಾರಣ ಒಂದೇ ಉಸಿರಿನಲ್ಲಿ ಸಿಕ್ಕವು. ನಾಲ್ಕನೆಯ ಕಾರಣವೊಂದಿತ್ತು, ಅದು ನನ್ನದು. ಫೆಬ್ರವರಿಯಲ್ಲಿ ನಡೆಯಲಿದ್ದ ಒಂದು ವಿಜ್ಞಾನಿಗಳ ಸಭೆಗೆ ಅಕ್ಟೋಬರಿನಲ್ಲೇ ನಾನು ಪ್ರಬಂಧದ ಸಾರಾಂಶ ಕಳಿಸಿಯಾಗಿತ್ತು. ಊರಿಗೆ ಬರುವ ಮೊದಲು ಪ್ರಾಯೋಗಿಕವಾಗಿ ಎರಡು ಚೌಕ ಎಣಿಸಿ, ಮೇಲಿನ ಹರಿವಿಗೆ ಸುಮಾರು ಮುನ್ನೂರು ಕೋಟಿ ವರ್ಷ ಎಂದು ಅದರಲ್ಲಿ ಬರೆದಿದ್ದೆ. ನನ್ನ ಹೆಸರಿನಲ್ಲಿ ಅಚ್ಚಾಗಬೇಕಿದ್ದ ಮೊದಲ ಮಾತು ಅದು. ನನ್ನ ಎಣಿಕೆ ಉಳಿದರೆ ಮುನ್ನೂರು ಕೋಟಿಯೂ ಉಳಿಯುತ್ತಿತ್ತು. ಇಷ್ಟು ವ್ಯತ್ಯಾಸ ಕಂಡರೆ ಚೌಕ ಮೂರನೆಯವರಿಗೆ ಹೋಗುತ್ತಿತ್ತು.

ಅಕ್ಕನ ಪೆನ್ಸಿಲ್ ಲೋಟದಲ್ಲೇ ಇತ್ತು. ಅವರು ಬಿಟ್ಟಿದ್ದ ಕುಳಿಗಳಿಗೆ ಸುತ್ತು ಹಾಕಿದೆ, ಇಪ್ಪತ್ತೊಂದು. ಕೆಳಗಿನಿಂದ ಶುರುಮಾಡಿದೆ. ಪೂರ್ತಿ ಮುಚ್ಚದೆ ಆ ಕೂದಲೆಳೆಯ ಸಂದನ್ನೂ ಬಿಟ್ಟೆ. ಪೂರ್ತಿ ಒಂದೇ ಆದರೆ ಅನುಮಾನ ಬರುತ್ತದೆಂದು ಎರಡನ್ನು ಉಳಿಸಿದೆ. ಮೂಲೆಯ ೩೮ನ್ನು ರಬ್ಬರಿನಿಂದ ಅಳಿಸಿ ೫೯ ಎಂದು ಬರೆದೆ. ಎಲ್ಲ ಸೇರಿ ಹನ್ನೆರಡು ನಿಮಿಷ.

ಡಿಸೆಂಬರ್ ೨೨ಕ್ಕೆ ಹದಿನೈದನೇ ಚೌಕ: ನಾನು ೪೭, ಅಕ್ಕ ೩೬. ಒಂಬತ್ತು ಸೇರಿಸಿ ೪೫ ಮಾಡಿದೆ. ೨೬ಕ್ಕೆ ಹದಿನೇಳನೆಯದು: ನಾನು ೫೨, ಅಕ್ಕ ೩೭. ಹನ್ನೆರಡು ಸೇರಿಸಿ ೪೯. ಆ ಓರೆ ಸಾಲು ಹಾದುಹೋಗಿದ್ದು ಈ ಮೂರು ಚೌಕಗಳಲ್ಲಿ ಮಾತ್ರ. ಉಳಿದ ಹತ್ತೊಂಬತ್ತರಲ್ಲಿ ನಮ್ಮಿಬ್ಬರ ಎಣಿಕೆ ಒಂದೆರಡರ ವ್ಯತ್ಯಾಸದಲ್ಲಿ ಹೊಂದಿತ್ತು. ಉಳಿದೆಲ್ಲ ಕಡೆ ಅಷ್ಟು ಸರಿಯಾಗಿ ನೋಡಿದ ಕಣ್ಣು ಈ ಮೂರರಲ್ಲಿ ಮಾತ್ರ ಯಾಕೆ ತಪ್ಪುತ್ತದೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಬಹುದಿತ್ತು. ಅಕ್ಕ ಮೇಜಿನ ಆ ತುದಿಯಲ್ಲೇ ಕೂರುತ್ತಿದ್ದರು. ಅವರನ್ನೇ ಕೇಳಬಹುದಿತ್ತು.

ಜನವರಿ ೮ಕ್ಕೆ ಮೇಡಂ ಫೋನ್ ಮಾಡಿ, ಇಬ್ಬರ ಎಣಿಕೆ ಎಲ್ಲ ಚೌಕಗಳಲ್ಲೂ ಹೊಂದಿದೆ ಎಂದು ಹೊಗಳಿದರು. ೧೬ಕ್ಕೆ ಮತ್ತೆ ಮಾಡಿದರು. ಈ ಸಲ ದನಿ ತಗ್ಗಿತ್ತು. ವಿಭಾಗದ ಹಿರಿಯ ಸಂಶೋಧಕರೊಬ್ಬರು ನಕ್ಷೆ ನೋಡಿ, ಹದಿನಾಲ್ಕನೇ ಚೌಕದ ಓರೆ ಸಾಲನ್ನು ಎಣಿಸಲೇಬಾರದಿತ್ತು ಎಂದಿದ್ದರಂತೆ. ಈಶಾನ್ಯಕ್ಕೆ ದೂರದಲ್ಲಿ ಒಂದು ಭಾರಿ ಕುಳಿಯಿದೆ. ಅದು ಉಂಟಾದಾಗ ಸಿಡಿದ ಬಂಡೆಗಳು ಸಾಲಾಗಿ ಇಲ್ಲಿ ಬಂದು ಬಿದ್ದಿವೆ. ಎಲ್ಲವೂ ಒಂದೇ ಏಟಿನ ಮರಿ ಕುಳಿಗಳು. ಆಕಾಶದಿಂದ ಒಂದೊಂದಾಗಿ ಬಿದ್ದವಲ್ಲವಾದ್ದರಿಂದ ವಯಸ್ಸಿನ ಲೆಕ್ಕಕ್ಕೆ ಬರುವುದಿಲ್ಲ.

“ನೀನೂ ಎಣಿಸಿದ್ದೀಯ, ಆ ಅಕ್ಕನೂ ಎಣಿಸಿದ್ದಾರೆ,” ಎಂದರು ಮೇಡಂ. “ನೀನು ಕಲಿಯೋಳು, ತಿದ್ಕೋತೀಯ. ಅವರ ಹಾಳೆಗಳನ್ನ ಮಾತ್ರ ಬಿಟ್ಬಿಡೋಣ. ಬೀಜ ಆರಿಸೋರಿಗೆ ಇದೆಲ್ಲ ಗೊತ್ತಾಗ್ಬೇಕು ಅಂತ ನಿರೀಕ್ಷೆ ಮಾಡಿದ್ದು ನನ್ನ ತಪ್ಪೇ. ಹೆಸರೂ ಬೇಡ. ನೀನೇ ಮೆತ್ತಗೆ ಹೇಳು, ಬೇಜಾರಾಗದ ಹಾಗೆ.”

ನಾನು “ಸರಿ ಮೇಡಂ” ಎಂದೆ.

ಈ ಕಥನದಲ್ಲಿ ನನಗೆ ಬರೆಯಲು ಅತಿ ಕಷ್ಟವಾದದ್ದು ಆ ಎರಡು ಪದ. ಪೆನ್ಸಿಲ್ ಹಿಡಿದಾಗ ನಾನು ಸರಿ, ಅಕ್ಕ ತಪ್ಪು ಎಂದು ನಂಬಿದ್ದೆ, ಅಷ್ಟಾದರೂ ಇತ್ತು. ಈಗ ಅಕ್ಕನೇ ಸರಿ ಎಂದು ಗೊತ್ತಾಗಿತ್ತು. ನನ್ನ ತಪ್ಪು ಅವರ ಕೈಬರಹದಲ್ಲಿ ಅವರ ತಲೆಯ ಮೇಲೆ ಬಂದಿತ್ತು. ನಾನು ಅದನ್ನು ಅಲ್ಲೇ ಬಿಟ್ಟೆ. ಹನ್ನೊಂದು ದಿನ ಬಿಟ್ಟೆ. ಆ ಹನ್ನೊಂದು ದಿನಗಳಲ್ಲಿ ಅಕ್ಕ ನಾಲ್ಕು ಸಲ ಸ್ಯಾಂಪಲ್ ರೂಮಿಗೆ ಬಂದರು. ನಾನು ನಾಲ್ಕು ಸಲವೂ ಕ್ವಾರ್ಟರ್ಸಿನಲ್ಲೇ ಉಳಿದೆ.

ಜನವರಿ ೨೭ರಂದು ಅವರು ಬರುವ ದಿನವಲ್ಲ ಎಂದು ಮೇಜಿಗೆ ಹೋಗಿದ್ದೆ. ಅವರಿದ್ದರು. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿ ಸ್ಯಾಂಪಲ್ ಜಾಸ್ತಿಯಾಗಿತ್ತು.

“ಬಂದ್ಯಾ? ಎಂತ, ಹುಷಾರಿರ್ಲಿಲ್ವಾ? ಕಡೆಗೆ ಎಷ್ಟಾಯ್ತು ಚಂದ್ರನ ವಯಸ್ಸು?”

“ಅಕ್ಕ, ಮೇಡಂ ನಿಮ್ಮ ಹಾಳೆ ಬೇಡ ಅಂದ್ರು.”

“ಎಂತಕ್ಕೆ?”

“ಎಣಿಕೆ ತಪ್ಪಾಯ್ತಂತೆ.”

ಬೀಜ ತಳ್ಳುತ್ತಿದ್ದ ಬೆರಳು ನಿಂತಿತು. “ಯಾವ ಹಾಳೆ?”

“ಹದಿನಾಲ್ಕು.”

“ತಾ ಇಲ್ಲಿ.”

“ಈಗೆಂತಕ್ಕೆ ಅಕ್ಕ, ಹೋಗ್ಲಿ ಬಿಡಿ…”

“ಬಿಡೋದೆಂತ? ಕ್ಯೂರಿಂಗಲ್ಲಿ ಲಾಟು ವಾಪಸ್ ಬಂದ್ರೆ ಆರಿಸಿದವಳ ಎದುರೇ ಚೀಲ ಬಿಚ್ಬೇಕಿತ್ತು. ಮೇಸ್ತ್ರಿ ಹೇಳಿದ್ರೂ ಅಷ್ಟೇ, ಸಾಹುಕಾರ್ರು ಹೇಳಿದ್ರೂ ಅಷ್ಟೇ. ಬಿಚ್ದೆ ಯಾರೂ ತಪ್ಪು ಒಪ್ತಿರ್ಲಿಲ್ಲ. ತಾ.”

ಬೀರುವಿನಿಂದ ಹಾಳೆ ತಂದೆ. ಅಕ್ಕ ಅದನ್ನು ಮೇಜಿನ ಮೇಲೆ ಹರವಿ, ಬೆಳಕಿನ ಕಡೆಗೆ ತಿರುಗಿಸಿದರು. ನೋಡುತ್ತ ನಿಂತದ್ದು ಒಂದು ನಿಮಿಷವೂ ಇಲ್ಲ.

“ಹಾಳೆ ನಂದು ಹೌದು. ಇವು ನನ್ನವಲ್ಲ.” ಬೆರಳು ಓರೆ ಸಾಲಿನ ಮೇಲೆ ಹೋಯಿತು. “ಇದಲ್ಲ. ಇದೂ ಅಲ್ಲ. ಇದಲ್ಲ. ಇವನ್ನೆಲ್ಲ ನಾನೆಂತಕ್ಕೆ ಹಿಡೀಲಿ? ಪಲ್ಪರ್ ಕಚ್ಚಿದ ಹಾಗಿದ್ದಾವೆ ಇವು.”

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸರಿ ಕೂರದಿದ್ದರೆ ಅದರ ಹಲ್ಲು ಬೀಜಕ್ಕೆ ತಾಗುತ್ತದೆ. ಹುಳ ಕೊರೆದ ತೂತು ಎಲ್ಲಿ ಬೇಕಾದರೂ ಇರುತ್ತದೆ, ದುಂಡಗಿರುತ್ತದೆ. ಮೆಷಿನ್ ಕಚ್ಚಿದ್ದು ಹಾಗಲ್ಲ. ಉದ್ದುದ್ದ, ಎಲ್ಲ ಒಂದೇ ಓರೆ. ನೋಡಿದ ಕೂಡಲೇ ಒಂದೇ ಏಟಿನವೆಂದು ಗೊತ್ತಾಗುತ್ತದೆ. ಇದನ್ನು ಅಕ್ಕ ಅಂದು ವಿವರಿಸಿದ್ದು ಎರಡು ವಾಕ್ಯದಲ್ಲಿ. ನಮ್ಮ ಹಿರಿಯ ಸಂಶೋಧಕರು ಹೇಳಿದ್ದೂ ಅದನ್ನೇ.

“ಯಾರು ಹಾಕಿದ್ದು ಇವನ್ನ?”

“ನಾನು.”

ಅಕ್ಕ ಮೂಲೆಯ ೫೯ನ್ನು ನೋಡಿದರು. ರಬ್ಬರ್ ಉಜ್ಜಿದ ಕಡೆ ಕಾಗದ ತೆಳುವಾಗಿತ್ತು. ಅಲ್ಲಿ ಹೆಬ್ಬೆರಳು ಇಟ್ಟು ಸವರಿದರು.

“ಕೇಳ್ಬಹುದಿತ್ತಲ್ಲ. ಇಲ್ಲೇ ಕೂತಿದ್ನಲ್ಲ ನಾನು.”

ಅಕ್ಕ ಹಾಳೆಯಿಂದ ಬೆರಳು ತೆಗೆದರು.

“ಬೇರೆ ಹಾಳೇಲೂ ಹಿಂಗೆ ಮಾಡಿದ್ಯಾ?”

“ಇಲ್ಲ,” ಎಂದೆ.

ಅವರು ಹಾಳೆ ಸುತ್ತಿ, ದಾರ ಕಟ್ಟಿ, ನನ್ನ ಕೈಗೆ ಕೊಟ್ಟು ಬೀಜದ ಮುಂದೆ ಕೂತರು. ನಾಲ್ಕು ಗಂಟೆಯವರೆಗೂ ನಾವಿಬ್ಬರೂ ಅದೇ ಕೋಣೆಯಲ್ಲಿದ್ದೆವು.

ಮರುದಿನ ಬೆಳಿಗ್ಗೆ ಮೂರೂ ಹಾಳೆ ಹರವಿಕೊಂಡೆ. ನನ್ನ ಸುತ್ತುಗಳನ್ನು ಅಳಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ, ‘ಹಳೆಯ ಸ್ಕ್ಯಾನ್ ಅದಲುಬದಲಾಗಿತ್ತು’ ಎಂದು ಮೇಡಂಗೆ ಬರೆದುಬಿಡಬಹುದು ಎಂಬ ಯೋಚನೆಯೂ ಬಂದಿತ್ತು. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಹದಿನಾಲ್ಕರಲ್ಲಿ ಇಪ್ಪತ್ತೊಂದೂ ಸಿಕ್ಕವು. ಹದಿನೈದರಲ್ಲಿ ಒಂಬತ್ತಕ್ಕೆ ಏಳು. ಹದಿನೇಳರಲ್ಲಿ ಹನ್ನೆರಡಕ್ಕೆ ಎಂಟು. ಅಲ್ಲಿ ಓರೆ ಸಾಲು ಚದುರಿ ಉಳಿದ ಕುಳಿಗಳ ಜೊತೆ ಬೆರೆತುಹೋಗಿತ್ತು. ಯಾವ ಸುತ್ತು ಅಕ್ಕನದು, ಯಾವುದು ನನ್ನದು ಎಂದು ನನಗೇ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಅವರ ಕೈಯನ್ನು ಕದ್ದಿದ್ದೆ.

ಮಧ್ಯಾಹ್ನ ಆಫೀಸಿಗೆ ಹೋದೆ. ಅಪ್ಪ ಹಾಜರಿ ಪುಸ್ತಕ ಬರೆಯುತ್ತಿದ್ದರು.

“ಅಪ್ಪ, ಹಾಜರಿ ತಪ್ಪಾಗಿ ಬಿದ್ರೆ ಎಂತ ಮಾಡ್ತೀರಿ?”

“ಒಂದು ಗೆರೆ ಎಳೀಬೇಕು. ಕೆಳಗಿನದು ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿಯಾದ್ದು, ಸಹಿ.”

“ಅಳಿಸಿಬಿಟ್ಟಿದ್ರೆ?”

ಅಪ್ಪ ಪ್ರತಿಯೊಂದಕ್ಕೂ ಕಾರಣ ಕೇಳುವವರು. ಅಂದು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದರು. ಅಕ್ಕ ಹಿಂದಿನ ದಿನ ಅವರಿಗೆ ಹೇಳದೆಯೇ ಬಸ್ಸಿಗೆ ಹೋಗಿದ್ದನ್ನು ಗಮನಿಸಿರಬೇಕು.

“ಯಾರ ಹೆಸರಿನ ಮುಂದೆ ಅಳಿಸಿದ್ದೋ, ಮೊದಲು ಅವರ ಹತ್ರ ಹೋಗ್ಬೇಕು. ಪುಸ್ತಕ ಆಮೇಲೆ,” ಎಂದರು.

ಜನವರಿ ೩೦ಕ್ಕೆ ಜಾವಳಿಗೆ ಹೋದೆ. ಗೋಣಿಬೀಡಿನಿಂದ ಮೂಡಿಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ಅಕ್ಕ ವಾರಕ್ಕೆ ಮೂರು ಸಲ ಬರುತ್ತಿದ್ದ ದಾರಿ. ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಇಷ್ಟು ದೂರವೆಂದು ನಾನು ಅದಕ್ಕೆ ಮೊದಲು ಲೆಕ್ಕ ಹಾಕಿರಲಿಲ್ಲ. ಅಕ್ಕ ಮನೆ ಮುಂದಿನ ಕಣದಲ್ಲಿ ಹರವಿದ ಕಾಫಿಯನ್ನು ಕಾಲಿನಿಂದ ಮಗುಚುತ್ತಿದ್ದರು. ನನ್ನ ಕೈಯಲ್ಲಿದ್ದ ಎರಡು ಸುರುಳಿಗಳನ್ನು ನೋಡಿದರು.

“ಇಲ್ಲ ಅಂದ್ಯಲ್ಲ ಮೊನ್ನೆ.”

“ಸುಳ್ಳು ಹೇಳ್ದೆ ಅಕ್ಕ.”

ಅವರು ಮಗುಚುತ್ತಿದ್ದ ಸಾಲನ್ನು ತುದಿಯವರೆಗೆ ಮುಗಿಸಿದರು. ಮತ್ತೆ ಇನ್ನೊಂದು ಸಾಲು. ನಾನು ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ. ಆಮೇಲೆ ಬಂದು ಜಗಲಿಯ ಮೇಲೆ ಕೂತರು.

“ಈಗ ನನ್ನಿಂದ ಎಂತ ಆಗ್ಬೇಕು?”

“ಇದರಲ್ಲಿ ನನ್ನದು ಯಾವುದು, ನಿಮ್ಮದು ಯಾವುದು ಅಂತ ನಂಗೆ ಗೊತ್ತಾಗ್ತಿಲ್ಲ. ನೀವು ಹೇಳ್ಬೇಕು.”

ಅಕ್ಕ ನಕ್ಕರು. ಮೊದಲಿನ ನಗೆಯಲ್ಲ. “ಕಳ್ಳಿ ಕೈಲೇ ಆಗ್ಲಿಲ್ವಾ? ಚೆನ್ನಾಗಿದೆ ಬಿಡು.”

ಆದರೂ ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಬಿಸಿಲಿನ ಕಡೆಗೆ ತಿರುಗಿಸಿಕೊಂಡರು. ಅವರು ಬೆರಳಿಟ್ಟ ಕಡೆ ನಾನು ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕುತ್ತ ಹೋದೆ. ಹದಿನೈದರಲ್ಲಿ ಒಂಬತ್ತು. ಹದಿನೇಳರಲ್ಲಿ ಹನ್ನೊಂದಾದ ಮೇಲೆ ಅವರು ತಡೆದು, ಹಾಳೆಯನ್ನು ಮುಖದ ಹತ್ತಿರ ಹಿಡಿದು, ಹನ್ನೆರಡನೆಯದನ್ನು ತೋರಿಸಿದರು. ಆಮೇಲೆ ಮನೆಯಲ್ಲಿ ಎಳೆದ ಹದಿನಾಲ್ಕರ ಇಪ್ಪತ್ತೊಂದೂ ಸೇರಿ ನಲವತ್ತೆರಡು ಗೆರೆ, ನಲವತ್ತೆರಡು ಸಹಿ. ಕಾಫಿ ಕುಡಿ ಎಂದು ಅವರು ಕರೆಯಲಿಲ್ಲ. ನಮ್ಮ ಕಡೆಯ ಮನೆಯೊಂದರಿಂದ ಕಾಫಿ ಕುಡಿಯದೆ ಹೊರಟದ್ದು ನನಗೆ ಅದೇ ಮೊದಲು.

೩೧ರ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬರೆದಿಟ್ಟುಕೊಂಡು ಓದಿದೆ, ಇಲ್ಲದಿದ್ದರೆ ಎಲ್ಲಾದರೂ ಒಂದು ಕಡೆ ಸುಲಭ ಮಾಡಿಕೊಳ್ಳುತ್ತಿದ್ದೆ. “ನಾನು ಅವರನ್ನ ಏನಂದೆ ಅಂತ ನೆನಪಿದೆಯಾ ನಿನಗೆ?” ಎಂದು ಮೇಡಂ ಕೇಳಿದರು. ನೆನಪಿತ್ತು. ‘ಬೀಜ ಆರಿಸೋರಿಗೆ ಇದೆಲ್ಲ ಗೊತ್ತಾಗ್ಬೇಕು ಅಂತ…’ “ಅದನ್ನ ನನ್ನ ಬಾಯಲ್ಲಿ ಹೇಳಿಸಿದೆಯಲ್ಲ,” ಎಂದರು.

ಸಭೆಗೆ ಕಳಿಸಿದ್ದ ಸಾರಾಂಶವನ್ನು ವಾಪಸ್ ತೆಗೆದುಕೊಂಡರು. ನನ್ನ ಇಪ್ಪತ್ತೆರಡು ಚೌಕಗಳನ್ನೂ ಆ ಹಿರಿಯ ಸಂಶೋಧಕರು ಮೊದಲಿನಿಂದ ಎಣಿಸಿದರು. ಅಕ್ಕನ ಎಣಿಕೆ ಅವರದಕ್ಕೆ ಎಲ್ಲ ಚೌಕಗಳಲ್ಲೂ ಹೊಂದಿತು. ಮೇಲಿನ ಹರಿವಿನ ವಯಸ್ಸು ಮುನ್ನೂರು ಕೋಟಿಯಿಂದ ಇನ್ನೂರ ಅರವತ್ತು ಕೋಟಿಯ ಹತ್ತಿರಕ್ಕೆ ಇಳಿಯಿತು. ಕೆಳಗಿನ ಹರಿವು ಹೆಪ್ಪುಗಟ್ಟಿ ಎಷ್ಟೋ ಕಾಲದ ಮೇಲೆ, ಚಂದ್ರನ ಒಳಗೆ ಇನ್ನೂ ಕಾವಿದ್ದಾಗ, ಈ ಲಾವಾ ಎದ್ದು ಬಂದಿತ್ತು. ಆ ಬಯಲಿನಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೇ ಅದು. ಅದರ ಮೇಲೆ ನಾನು ಸುಳ್ಳಾಗಿ ನಲವತ್ತು ಕೋಟಿ ವರ್ಷ ಕೂರಿಸಿದ್ದೆ.

ನಕ್ಷೆಯ ಕೆಳಗೆ ಎಣಿಸಿದವರೆಂದು ಎರಡು ಹೆಸರುಗಳಿವೆ, ಅಕ್ಕನದು ಮತ್ತು ಆ ಹಿರಿಯ ಸಂಶೋಧಕರದು. ನನ್ನದಿಲ್ಲ. ಹರಿವುಗಳ ಗಡಿ ಎಳೆದವರು ಎಂಬ ಕಡೆ ಇದೆ. ಮೇಡಂ ಅಷ್ಟಾದರೂ ಉಳಿಸಿದರು.

ಹೆಸರು ಹಾಕಲು ಒಪ್ಪಿಗೆ ಪತ್ರಕ್ಕೆ ಅಕ್ಕನ ಸಹಿ ಬೇಕಿತ್ತು. ಚೌಕವಾರು ಎಣಿಕೆಯ ಪಟ್ಟಿ ಅದರ ಹಿಂದಿತ್ತು. ಫೆಬ್ರವರಿ ೨೨ಕ್ಕೆ ಮತ್ತೆ ಜಾವಳಿಗೆ ಹೋದೆ. ಅಕ್ಕ ಪತ್ರದಲ್ಲಿ ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿದರು. ಪೆನ್ನು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

“ಹಿಂದೆ ಎಂತ ಬರೆದಿದೆ?”

“ನಿಮ್ಮ ಎಣಿಕೆ ಅಕ್ಕ. ನೀವು ಹಾಕಿದ್ದೇ. ಎಲ್ಲ ಸರಿ ಇದೆ.”

ಅಕ್ಕ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅದರ ತುಂಬ ಪೇಪರಿನ ಪೊಟ್ಟಣಗಳು, ಇಪ್ಪತ್ತೆರಡು. ಜಗಲಿಯ ಮೇಲೆ ಮೊರ ಇಟ್ಟು, ಒಂದನೇ ಪೊಟ್ಟಣ ಬಿಚ್ಚಿ, ಕಪ್ಪು ಬೀಜಗಳನ್ನು ಸುರಿದು, ಒಂದೊಂದಾಗಿ ಈ ಕಡೆಯಿಂದ ಆ ಕಡೆಗೆ ತಳ್ಳುತ್ತ ಎಣಿಸಿದರು. ಪಟ್ಟಿಯ ಮೊದಲ ಸಂಖ್ಯೆಯನ್ನು ತಾವೇ ನೋಡಿದರು. ಪೊಟ್ಟಣ ಕಟ್ಟಿ ಎರಡನೆಯದನ್ನು ಬಿಚ್ಚಿದರು. ನಾನು ಕೈ ಚಾಚಿದೆ, ನೆರವಾಗಲೆಂದು. ಅವರು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ನಾನು ಹತ್ತಬೇಕಿದ್ದ ಬಸ್ಸು ಹನ್ನೊಂದನೇ ಪೊಟ್ಟಣದ ಹೊತ್ತಿಗೆ ಹಾದುಹೋಯಿತು. ಹದಿನಾಲ್ಕನೆಯದನ್ನೂ ಅವರು ಉಳಿದವುಗಳಂತೆಯೇ ಎಣಿಸಿದರು, ಅದೇ ನಿಧಾನದಲ್ಲಿ. ಮೂವತ್ತೆಂಟಕ್ಕೆ ಬೀಜ ಮುಗಿಯಿತು. ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಪೊಟ್ಟಣ ಕಟ್ಟಿಟ್ಟು ಹದಿನೈದನೆಯದಕ್ಕೆ ಕೈ ಹಾಕಿದರು.